ಯಾವ ದೇವರಿಗೆ?

ನಮ್ಮಲ್ಲಿ ಹೆಂಗಸರು ಊರು ಬಿಟ್ಟು ಹೊರಡಬೇಕಾದರೆ ಒಂದು ಕಾರಣ ಬೇಕು. ಮದುವೆ, ಬಾಣಂತನ, ಸಾವು. ಈ ಮೂರೂ ಇಲ್ಲದಿದ್ದರೆ ಹರಕೆ. ಹರಕೆ ಎಂದರೆ ಯಾರೂ ತಡೆಯುವುದಿಲ್ಲ, ತಡೆದ ಪಾಪ ತಮಗೆ ಸುತ್ತಿಕೊಂಡೀತೆಂಬ ಭಯ. ಹಾಗಾಗಿ ನಾವು ಕಂಡ ಊರುಗಳೆಲ್ಲ ದೇವಸ್ಥಾನವಿರುವ ಊರುಗಳೇ. ಕಾಡು ಎಂದರೆ ಧರ್ಮಸ್ಥಳಕ್ಕೋ ಕೊಲ್ಲೂರಿಗೋ ಹೋಗುವಾಗ ಬಸ್ಸಿನ ಕಿಟಕಿಯಲ್ಲಿ ಹಿಂದಕ್ಕೆ ಓಡುವ ಹಸಿರು, ಇಲ್ಲವೇ ಘಾಟಿಯ ತಿರುವಿನಲ್ಲಿ ಬರುವ ವಾಂತಿ.

ಆದ್ದರಿಂದ ಅತ್ತಿಗೆಯೂ ನಾನೂ ಎರಡು ರಾತ್ರಿ ಮಲೆನಾಡಿಗೆ ಹೋಗಿಬರುತ್ತೇವೆ ಎಂದಾಗ ಮನೆಯವರು ಮೊದಲು ಕೇಳಿದ್ದು, “ಯಾವ ದೇವರಿಗೆ?”

“ಯಾವ ದೇವರಿಗೂ ಅಲ್ಲ. ಹಕ್ಕಿ ನೋಡೋಕೆ” ಎಂದರು ಅತ್ತಿಗೆ.

ನನ್ನ ಮಗ ಮೊಬೈಲಿನಿಂದ ತಲೆ ಎತ್ತಿದ. ಅವನು ತಲೆ ಎತ್ತುವುದೇ ಅಪರೂಪ.

ಅತ್ತಿಗೆ ನಮ್ಮ ಯಜಮಾನರ ಅಕ್ಕ. ವಯಸ್ಸು 68, ಎಡಮಂಡಿ ನೋವು. ಗಂಡ ತೀರಿಕೊಂಡ ಮೇಲೆ ದಾವಣಗೆರೆಯಲ್ಲಿ ನಮ್ಮ ಜೊತೆಗೇ ಇದ್ದಾರೆ. ಬೆಳಿಗ್ಗೆ ತಾರಸಿಯಲ್ಲಿ ಹಕ್ಕಿಗಳಿಗೆ ನೀರಿಟ್ಟು ಕೂರುವುದು ಈಚೆಗೆ ಅಂಟಿದ ಅಭ್ಯಾಸ. ಮಂಡಗದ್ದೆಯ ಹೆಸರನ್ನು ಯಾವುದೋ ಪತ್ರಿಕೆಯಲ್ಲಿ ಓದಿ, ಅದನ್ನು ಕತ್ತರಿಸಿ ಸಾಸಿವೆ ಡಬ್ಬದ ಕೆಳಗೆ ಇಟ್ಟುಕೊಂಡಿದ್ದರು.

ಮಗನೇ ಒಂದು ಪಟ್ಟಿ ಮಾಡಿಕೊಟ್ಟ. ಮೊದಲ ದಿನ ಜೋಗ, ಸಿಗಂದೂರು, ಕೊಲ್ಲೂರು. ಎರಡನೆಯ ದಿನ ಆಗುಂಬೆ, ಶೃಂಗೇರಿ, ಹೊರನಾಡು. “ಎಲ್ಲ ಕವರ್ ಆಗುತ್ತಮ್ಮ” ಎಂದ. ಗಂಡಸರು ಊರುಗಳನ್ನು ಕವರ್ ಮಾಡುತ್ತಾರೆ, ನಾವು ದಿಂಬಿಗೆ ಮಾಡುವ ಹಾಗೆ. ಅತ್ತಿಗೆ ಕನ್ನಡಕ ಏರಿಸಿ ಓದಿ, “ಇದರಲ್ಲಿ ಕಾರಿಂದ ಇಳಿಯೋದು ಎಲ್ಲಪ್ಪಾ?” ಎಂದು ಕೇಳಿದರು.

ನಾವು ಕ್ಯಾಲೆಂಡರಿನ ಹಿಂಬದಿಯಲ್ಲಿ ನಮ್ಮದೇ ದಾರಿ ಬರೆದುಕೊಂಡೆವು. ಒಂದೇ ರಸ್ತೆ, ಒಂದೇ ನದಿ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರು. ಅದಕ್ಕೆ ಇಡೀ ಒಂದು ದಿನ. ದಾರಿಯುದ್ದಕ್ಕೂ ಆಗಾಗ ತುಂಗೆ ಕಾಣುತ್ತಾಳೆ. ಶಿವಮೊಗ್ಗ ಬಿಟ್ಟು 14 ಕಿಲೋಮೀಟರಿಗೇ ಸಕ್ರೆಬೈಲಿನ ಆನೆ ಬಿಡಾರ. ಅಲ್ಲಿಗೆ ಬೆಳಿಗ್ಗೆಯೇ ಹೋಗಬೇಕು. ಮಾವುತರು ಆನೆಗಳನ್ನು ಹೊಳೆಗಿಳಿಸಿ ಮೈ ಉಜ್ಜುವುದು ಆಗಲೇ. ಆಮೇಲೆ ಅವು ಕಾಡಿಗೆ ಹೋಗಿಬಿಡುತ್ತವೆ. ಇನ್ನಷ್ಟು ಮುಂದೆ, ಶಿವಮೊಗ್ಗದಿಂದ 30 ಕಿಲೋಮೀಟರಿನಷ್ಟು ದೂರದಲ್ಲಿ, ರಸ್ತೆಯ ಪಕ್ಕದಲ್ಲೇ ಮಂಡಗದ್ದೆ.

ತೊಡಕು ಬಂದದ್ದು ತಿಂಗಳು ಗೊತ್ತುಮಾಡುವಾಗ. ಆಗುಂಬೆಯಲ್ಲಿ ಸೂರ್ಯ ಸಮುದ್ರಕ್ಕಿಳಿಯುವುದನ್ನು ನೋಡಬೇಕಾದರೆ ಆಕಾಶ ತಿಳಿಯಾಗಿರಬೇಕು, ಅಂದರೆ ನವೆಂಬರ್ ಕಳೆಯಬೇಕು. ಮಂಡಗದ್ದೆಯ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟಿ ಮರಿ ಮಾಡುವುದು ಮಳೆಗಾಲದಲ್ಲಿ, ಹೊಳೆ ತುಂಬಿ ನಡುಗಡ್ಡೆಯ ಮರಗಳು ನೀರಲ್ಲಿ ನಿಂತಾಗ. ಎರಡೂ ಒಟ್ಟಿಗೆ ಸಿಗುವ ದಿನವೇ ಇಲ್ಲ. ತಿಂಡಿಯೂ ಹಾಗೆಯೇ. ಪತ್ರೊಡೆಗೆ ರುಚಿಯೆನ್ನುವ ಮರಗೆಸು ಮರದ ಬೊಡ್ಡೆಯ ಮೇಲೆ ಚಿಗುರುವುದು ಮಳೆ ಹಿಡಿದಾಗ ಮಾತ್ರ. ಕಳಲೆಯೂ ಆಗಿನದೇ.

“ಸೂರ್ಯ ನಮ್ಮ ತಾರಸಿಯಿಂದಲೂ ಮುಳುಗ್ತಾನೆ. ಮಳೆಗಾಲಕ್ಕೇ ಹೋಗೋಣ ಕಣೇ” ಎಂದರು ಅತ್ತಿಗೆ.

ಮಳೆಗಾಲವೆಂದರೆ ಶ್ರಾವಣ, ಭಾದ್ರಪದ, ಸಾಲು ಹಬ್ಬ. ವರಮಹಾಲಕ್ಷ್ಮಿ ಮುಗಿದು ಗೌರಿ ಬರುವುದರೊಳಗೆ ಹೋಗಿಬಂದರಾಯಿತೆಂದು ನಾನು ಬೆರಳು ಮಡಿಚಿ ಎಣಿಸುತ್ತಿದ್ದೆ. ಅತ್ತಿಗೆ ಮೆಲ್ಲಗೆ, “ಗೌರಿ ಹಬ್ಬದ ದಿನವೇ ಹೊರಟರೆ ಆಗಲ್ಲವೇನೇ?” ಎಂದರು.

ನನ್ನ ಬೆರಳು ಅಲ್ಲೇ ನಿಂತಿತು. ಹೋದ ವರ್ಷ ಗೌರಿಯ ದಿನ ಈ ಮನೆಯಲ್ಲಿ ನಡೆದದ್ದು ಕಣ್ಣ ಮುಂದೆ ಬಂತು. ಬೆಳಗಿನಿಂದ ಹೋಳಿಗೆ ತಟ್ಟಿದವರು ಅವರು. ಸಂಜೆ ಅರಿಶಿನ ಕುಂಕುಮಕ್ಕೆ ಓಣಿಯ ಹೆಂಗಸರು ಬಂದಾಗ ಹಿತ್ತಲಲ್ಲಿ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾ ನಿಂತಿದ್ದವರೂ ಅವರೇ. ಯಾರೂ ಅವರನ್ನು ಹೊರಗೆ ಹೋಗಿ ಎಂದಿರಲಿಲ್ಲ. ಒಳಗೆ ಬನ್ನಿ ಎಂದೂ ಯಾರೂ ಅಂದಿರಲಿಲ್ಲ. ಇಂಥ ಪದ್ಧತಿಗಳನ್ನು ನಡೆಸಲು ಮಾತೇ ಬೇಕಾಗುವುದಿಲ್ಲ ನೋಡಿ.

“ಆಗುತ್ತೆ” ಎಂದೆ. ಯಜಮಾನರು ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದರು. ಗೌರಿಯನ್ನು ಕೂರಿಸುವ ಕೆಲಸ ಸೊಸೆಗೆ ಒಪ್ಪಿಸಿದೆ. ಅವಳೂ ಕಲಿಯಲಿ.

ಮಿಕ್ಕ ಸಿದ್ಧತೆಯಲ್ಲಿ ಯಾರೂ ಬರೆಯದ ಸಂಗತಿಯೊಂದಿದೆ. ಹೆಂಗಸರು ಪ್ರಯಾಣದಲ್ಲಿ ನೀರು ಕುಡಿಯುವುದಿಲ್ಲ. ಯಾಕೆಂದು ನಿಮಗೆ ಗೊತ್ತು. ನಾವು ಹೋಟೆಲುಗಳನ್ನು ಆರಿಸಿದ್ದು ದೋಸೆಗಾಗಿ ಅಲ್ಲ, ಶುಚಿಯಾದ ಶೌಚಾಲಯಕ್ಕಾಗಿ. ಡ್ರೈವರನಿಗೂ ಮೊದಲೇ ಹೇಳಿದೆವು: ಎರಡು ಗಂಟೆಗೊಮ್ಮೆ ಗಾಡಿ ನಿಲ್ಲಬೇಕು, ಕತ್ತಲಾದ ಮೇಲೆ ಘಾಟಿಯ ರಸ್ತೆ ಬೇಡ.

ತಂಗಲು ತೀರ್ಥಹಳ್ಳಿಯ ಹತ್ತಿರ ಒಂದು ತೋಟದ ಮನೆ. ಕಳಲೆ ಬೇಕೆಂದರೆ ನಾಲ್ಕು ದಿನ ಮುಂಚೆ ಫೋನು ಮಾಡಬೇಕು. ಎಳೆ ಬಿದಿರನ್ನು ಹೆಚ್ಚಿ, ದಿನಾ ನೀರು ಬದಲಿಸುತ್ತ ಮೂರು ದಿನ ನೆನೆಹಾಕಿದರೇ ಅದರ ಕಹಿ, ನಂಜು ಬಿಡುವುದು. ಆ ಮನೆಯಾಕೆ, “ಅಕ್ಕಿರೊಟ್ಟಿಗೆ ಕಳಲೆ ಪಲ್ಯ, ಊಟಕ್ಕೆ ಒಂದೆಲಗದ ತಂಬುಳಿ, ಸಾಕಾ ಅಕ್ಕಾ?” ಎಂದು ಕೇಳಿದರು. ಸಾಲದು ಎನ್ನುವಷ್ಟು ಧೈರ್ಯ ನಮಗಿಲ್ಲ.

ನಡಿಗೆಗೆಂದು ಎರಡನೆಯ ದಿನ ಕವಲೇದುರ್ಗ. ಗದ್ದೆಯಂಚಿನಲ್ಲಿ ಸಾಗಿ, ಕಲ್ಲು ಹಾಸಿದ ದಾರಿ ಹತ್ತಬೇಕು. ಮಳೆಯಲ್ಲಿ ಕಲ್ಲು ಜಾರುತ್ತದೆ, ಇಂಬಳಗಳಿರುತ್ತವೆ. ಹಾಗಾಗಿ ಊರುಗೋಲು, ಉದ್ದ ಕಾಲುಚೀಲ, ಉಪ್ಪಿನ ಪೊಟ್ಟಣ. ಮಂಡಿ ಎಲ್ಲಿ ಬೇಡವೆನ್ನುತ್ತದೋ ಅಲ್ಲೇ ಕೂರುವುದು, ತುದಿ ಮುಟ್ಟಲೇಬೇಕೆಂಬ ಹಟವಿಲ್ಲ. ಅದು ಕೆಳದಿಯ ಅರಸರ ಕೋಟೆ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದ ಚೆನ್ನಮ್ಮ ಆ ಮನೆತನದವಳೇ ಎಂದು ನಾನು ಹೇಳುತ್ತಿದ್ದೆ.

“ಅವಳು ಪಟ್ಟಕ್ಕೆ ಬಂದದ್ದು ಗಂಡ ಸತ್ತ ಮೇಲೆ ಅಲ್ಲವೇನೇ?” ಎಂದರು ಅತ್ತಿಗೆ. ಹೌದೆಂದೆ. ಅವರು ಮುಂದೆ ಮಾತಾಡಲಿಲ್ಲ. ಉಪ್ಪಿನ ಪೊಟ್ಟಣವನ್ನು ಇನ್ನೊಂದು ಸುತ್ತು ಕಾಗದದಲ್ಲಿ ಬಿಗಿದರು.

ಹಬ್ಬದ ದಿನ ನಸುಕಿನ 5 ಗಂಟೆಗೇ ಹೊರಟೆವು. ಆನೆಗಳನ್ನು ಮುಗಿಸಿ ಮಂಡಗದ್ದೆಗೆ ಬಂದಾಗ ಹತ್ತು ದಾಟಿತ್ತು, ಜಿಟಿಜಿಟಿ ಮಳೆ. ವೀಕ್ಷಣೆಯ ಗೋಪುರಕ್ಕೆ ಅತ್ತಿಗೆ ಒಂದೊಂದೇ ಮೆಟ್ಟಿಲು ಹತ್ತಿದರು. ಕೆಂಪು ಹೊಳೆ, ನಡುವೆ ಮರಗಳು, ಕೊಂಬೆ ಕೊಂಬೆಯಲ್ಲೂ ಬಿಳಿ. ಕಿವಿ ಗಡಚಿಕ್ಕುವ ಗಲಾಟೆ, ಜೊತೆಗೆ ಸಾಕಷ್ಟು ನಾತ. ಫೋಟೋದಲ್ಲಿ ಅದು ಬರುವುದಿಲ್ಲ. ಮರಿಯೊಂದು ತಾಯಿಯ ಗಂಟಲೊಳಗೇ ಕೊಕ್ಕು ಹಾಕಿ ಮೀನು ಕೀಳುತ್ತಿತ್ತು. ಮಗನ ದುರ್ಬೀನು ಅತ್ತಿಗೆಯ ಕಣ್ಣಿಗೆ ಅಂಟಿಬಿಟ್ಟಿತ್ತು.

ಅಷ್ಟರಲ್ಲಿ ನನ್ನ ಫೋನು. ಸೊಸೆ, ಗಾಬರಿಯಲ್ಲಿ: “ಅತ್ತೆ, ಗೌರಿ ದಾರಕ್ಕೆ ಎಷ್ಟು ಗಂಟು?”

ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ, ದುರ್ಬೀನು ಇಳಿಸದೆ, “ಹದಿನಾರು ಅಂತ ಹೇಳು. ನೂಲಿಗೆ ಅರಿಶಿನ ಹಚ್ಚಿದ್ದಾಳಾ ಕೇಳು” ಎಂದರು.