ಕನ್ಹಾನ್ ದಂಡೆಯಲ್ಲಿ ಒಂದು ಹಳೆಯ ಭೂಖಂಡ



ಶಾಲೆಯಲ್ಲಿ ಏಳು ಭೂಖಂಡಗಳ ಹೆಸರನ್ನು ನೀವೆಲ್ಲ ಬಾಯಿಪಾಠ ಮಾಡಿದ್ದೀರಿ. ಆ ಪಟ್ಟಿಯಲ್ಲಿ ಇಲ್ಲದ ಇನ್ನೊಂದು ಭೂಖಂಡ ನಮ್ಮ ನಾಗಪುರದ ಮಗ್ಗುಲಲ್ಲೇ ಇದೆ ಎಂದರೆ ನಂಬುವಿರಾ? ಅದನ್ನು ನೋಡಲು ವಿಮಾನ ಬೇಡ, ಪಾಸ್‌ಪೋರ್ಟ್ ಬೇಡ. ಕಾಮಠಿ ದಾಟಿ ಹೋಗುವ ಒಂದು ಬಸ್ಸು ಸಾಕು.

ಸಂಘದ ಕಾರ್ಯಕ್ರಮಗಳಲ್ಲಿ ನಿಮ್ಮಲ್ಲಿ ಹಲವರು ಒಂದು ಪ್ರಶ್ನೆ ಕೇಳುತ್ತಿರುತ್ತೀರಿ: "ನಾವು ಹುಟ್ಟಿದ್ದು ಇಲ್ಲಿ, ಆಡೋದು ಮರಾಠಿ, ಹಿಂದಿ. ಕನ್ನಡಕ್ಕೂ ಈ ನೆಲಕ್ಕೂ ಏನು ಸಂಬಂಧ?" ಪ್ರಶ್ನೆ ನ್ಯಾಯವಾದದ್ದೇ. ಸಭಾಂಗಣದಲ್ಲಿ ಕುಳಿತು ಉತ್ತರ ಹೇಳುವುದಕ್ಕಿಂತ ಕನ್ಹಾನ್ ಸೇತುವೆಯ ಬಳಿ ನಿಂತು ಹೇಳುವುದು ಸುಲಭ. ಬನ್ನಿ, ಒಂದು ಭಾನುವಾರ ಹೋಗಿಬರೋಣ.

ನಾಗಪುರದಿಂದ ಈಶಾನ್ಯಕ್ಕೆ ಸುಮಾರು 20 ಕಿ.ಮೀ. ದೂರದಲ್ಲಿದೆ ಕನ್ಹಾನ್. ಈಚೆ ದಂಡೆಯಲ್ಲಿ ಬ್ರಿಟಿಷರು 1821ರಲ್ಲಿ ದಂಡು ಇಳಿಸಿದ ಕಾಮಠಿ. ಆಚೆ ದಂಡೆಯಲ್ಲಿ ಕನ್ಹಾನ್ ಪಟ್ಟಣ. ನಡುವೆ ಹರಿಯುವ ನದಿಯ ಹೆಸರೂ ಕನ್ಹಾನ್. ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯ ಸಾತ್ಪುಡಾ ಬೆಟ್ಟಗಳಲ್ಲಿ ಹುಟ್ಟಿ ಬರುವ ಈ ನದಿಗೆ ಕಾಮಠಿಯ ಸಮೀಪ ಪೆಂಚ್ ನದಿ ಸೇರುತ್ತದೆ. ನಮ್ಮ ಊರಿಗೆ ಹೆಸರು ಕೊಟ್ಟ ನಾಗ್ ನದಿಯೂ ಕೊನೆಗೆ ಇದರ ಪಾಲೇ. ನಾಗಪುರದ ಎಷ್ಟೋ ಮನೆಗಳ ನಲ್ಲಿಯಲ್ಲಿ ಬರುವುದು ಕನ್ಹಾನ್ ನೀರು. ಆದ್ದರಿಂದ ಈ ನದಿ ನಿಮಗೆ ಅಪರಿಚಿತವಲ್ಲ, ದಿನಾ ಕುಡಿಯುತ್ತಿದ್ದೀರಿ.

ಈಗ ಕಾಲಡಿಯ ನೆಲವನ್ನು ನೋಡಿ. ಇಲ್ಲಿಂದ ಉತ್ತರಕ್ಕೆ ರಾಮ್‌ಟೇಕ್ ದಾರಿಯಲ್ಲಿ ಹೋದರೆ ಮಾನ್ಸರ್‌ನ ಮ್ಯಾಂಗನೀಸ್ ಗಣಿಗಳು ಸಿಗುತ್ತವೆ. ಅಲ್ಲಿಯ ಶಿಲೆಗಳು ಸುಮಾರು 100 ಕೋಟಿ ವರ್ಷ ಅಥವಾ ಅದಕ್ಕಿಂತಲೂ ಹಳೆಯವು. ಹಿಂದಿರುಗಿ ನಾಗಪುರದ ಸೀತಾಬರ್ಡಿ ಗುಡ್ಡಕ್ಕೆ ಬಂದರೆ ಕಪ್ಪು ಬಸಾಲ್ಟ್ ಕಲ್ಲು. ಅದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಬಿರುಕುಗಳಿಂದ ಉಕ್ಕಿ ಹರಿದ ಲಾವಾ. ಈ ಲಾವಾ ಹಾಸು ಇಲ್ಲಿಂದ ಪಶ್ಚಿಮಕ್ಕೂ ದಕ್ಷಿಣಕ್ಕೂ ಹಬ್ಬಿ ನಮ್ಮ ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿ ಜಿಲ್ಲೆಗಳ ತನಕ ಮುಟ್ಟಿದೆ. ವಿದರ್ಭದ ಹತ್ತಿ ಬೆಳೆಯುವ ಕಪ್ಪು ಮಣ್ಣೂ ವಿಜಯಪುರದ ಜೋಳ ಬೆಳೆಯುವ ಎರೆ ಮಣ್ಣೂ ಆ ಒಂದೇ ಕಲ್ಲಿನ ಮಕ್ಕಳು.

ಈ ಎರಡರ ನಡುವಿನ ವಯಸ್ಸಿನದು ಕನ್ಹಾನ್–ಕಾಮಠಿಯ ನೆಲ. ಇಲ್ಲಿಯ ಮರಳುಗಲ್ಲಿಗೆ ಭೂವಿಜ್ಞಾನಿಗಳು 'ಕಾಮಠಿ ಶಿಲೆ' ಎಂದೇ ಹೆಸರಿಟ್ಟಿದ್ದಾರೆ. ಅದರ ಅಡಿಯ ಪದರದಲ್ಲಿ ಕಲ್ಲಿದ್ದಲು ಇದೆ. ಸಿಲೇವಾಡಾ, ಗೊಂಡೆಗಾಂವ್, ಇಂದರ್ ಎಂಬ ಗಣಿಗಳ ಹೆಸರನ್ನು ನೀವು ಕೇಳಿರಬಹುದು. ಸುಮಾರು 25ರಿಂದ 30 ಕೋಟಿ ವರ್ಷಗಳ ಹಿಂದೆ ಇಲ್ಲಿ ಜೌಗು ಕಾಡುಗಳಿದ್ದವು. ಆ ಕಾಡಿನ ಮುಖ್ಯ ಗಿಡ ಗ್ಲಾಸಾಪ್ಟೆರಿಸ್. ನಾಲಗೆಯಂತೆ ಉದ್ದನೆಯ ಎಲೆ, ಮಧ್ಯೆ ದಪ್ಪ ನರ. ಆ ಕಾಡು ಕೊಳೆತು, ಹೂತು, ಒತ್ತಡಕ್ಕೆ ಸಿಕ್ಕಿ ಇದ್ದಲಾಯಿತು. ಕಲ್ಲಿದ್ದಲು ಉರಿಸುವ ಕೊರಾಡಿ, ಖಾಪರಖೇಡಾ ವಿದ್ಯುತ್ ಕೇಂದ್ರಗಳನ್ನು ನೋಡಿದಾಗ ಇದನ್ನು ನೆನಪಿಡಿ. ನೀವು ಓದುವ ದೀಪದ ಬೆಳಕು ಅಂಥದೊಂದು ಕಾಡಿನದು.

ಇದೇ ಎಲೆಯ ಪಳೆಯುಳಿಕೆ ಆಫ್ರಿಕಾ, ಮಡಗಾಸ್ಕರ್, ದಕ್ಷಿಣ ಅಮೆರಿಕ, ಆಸ್ಟ್ರೇಲಿಯಾಗಳಲ್ಲೂ ಸಿಗುತ್ತದೆ. 1912ರಲ್ಲಿ ದಕ್ಷಿಣ ಧ್ರುವ ತಲುಪಿ ಮರಳುವಾಗ ಹಿಮದಲ್ಲಿ ಮಡಿದ ಕ್ಯಾಪ್ಟನ್ ಸ್ಕಾಟ್ ಮತ್ತು ಅವರ ಸಂಗಡಿಗರ ಸಾಮಾನಿನಲ್ಲಿ ಸುಮಾರು 16 ಕಿಲೊ ಕಲ್ಲುಗಳಿದ್ದವು. ಅವುಗಳಲ್ಲಿ ಗ್ಲಾಸಾಪ್ಟೆರಿಸ್ ಎಲೆಯ ಗುರುತಿತ್ತು. ಹಸಿವು ಚಳಿಗಳಿಂದ ಸಾಯುವ ಸ್ಥಿತಿಯಲ್ಲೂ ಅವರು ಆ ಕಲ್ಲುಗಳನ್ನು ಎಸೆದಿರಲಿಲ್ಲ. ಸಾಗರ ದಾಟಲಾಗದ ಒಂದು ಗಿಡ ಅಂಟಾರ್ಕ್ಟಿಕದಲ್ಲೂ ನಾಗಪುರದಲ್ಲೂ ಬೆಳೆದದ್ದು ಹೇಗೆ? ಆಗ ನಡುವೆ ಸಾಗರವೇ ಇರಲಿಲ್ಲ. ಎಲ್ಲವೂ ಒಂದೇ ಭೂಖಂಡ. ಇನ್ನೂ ಸೋಜಿಗವೆಂದರೆ, ಬೇಸಿಗೆಯಲ್ಲಿ ಬೆಂಕಿಯಂತೆ ಸುಡುವ ಚಂದ್ರಪುರ ಜಿಲ್ಲೆಯ ಇರಾಯಿ ಎಂಬಲ್ಲಿ ಹಿಮನದಿ ಉಜ್ಜಿ ಗೀರಿದ ಬಂಡೆಯನ್ನು 1875ರಲ್ಲಿಯೇ ಗುರುತಿಸಲಾಗಿತ್ತು. ಈ ನೆಲ ಒಮ್ಮೆ ದಕ್ಷಿಣ ಧ್ರುವದ ಕಡೆಗಿತ್ತು!

ಆ ಭೂಖಂಡ ಒಡೆಯಿತು. ಸುಮಾರು 9 ಕೋಟಿ ವರ್ಷಗಳ ಹಿಂದೆ ಭಾರತ ಮಡಗಾಸ್ಕರ್‌ನಿಂದ ಬೇರೆಯಾಗಿ ಉತ್ತರಕ್ಕೆ ಸಾಗಿತು. ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ಒತ್ತಿತು, ಹಿಮಾಲಯ ಎದ್ದಿತು. ಇಂದಿಗೂ ನಾವು ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಉತ್ತರಕ್ಕೆ ಹೋಗುತ್ತಲೇ ಇದ್ದೇವೆ. ಅಪ್ಪ ಧಾರವಾಡದಿಂದಲೋ ಮೈಸೂರಿನಿಂದಲೋ ವಲಸೆ ಬಂದರೆಂದು ನೀವು ಹೇಳುತ್ತೀರಿ. ಧಾರವಾಡ, ಮೈಸೂರು, ನಾಗಪುರ ಮೂರೂ ಒಟ್ಟಿಗೆ ವಲಸೆ ಬಂದ ನೆಲಗಳು ಎಂಬುದನ್ನು ಮರೆಯಬೇಡಿ.

ಈ ಭೂಖಂಡದ ಹೆಸರು ಗೊಂಡ್ವಾನ. ಭಾರತದ ಭೂವಿಜ್ಞಾನ ಇಲಾಖೆಯ ಮೆಡ್ಲಿಕಾಟ್ ಎಂಬುವರು 1872ರಲ್ಲಿ ಮಧ್ಯಭಾರತದ ಈ ಶಿಲೆಗಳಿಗೆ ಆ ಹೆಸರು ಸೂಚಿಸಿದರು. 1885ರಲ್ಲಿ ಆಸ್ಟ್ರಿಯಾದ ಎಡ್ವರ್ಡ್ ಸ್ಯೂಸ್ ಅದನ್ನೇ ಇಡೀ ಪ್ರಾಚೀನ ಭೂಖಂಡಕ್ಕೆ ಕೊಟ್ಟರು. ಗೊಂಡ್ವಾನ ಎಂದರೆ ಗೊಂಡರ ನಾಡು. ಆ ಭೂಖಂಡ ಇದ್ದಾಗ ಭೂಮಿಯ ಮೇಲೆ ಮನುಷ್ಯನೇ ಇರಲಿಲ್ಲ ನಿಜ. ಆದರೆ ಹೆಸರು ಕೊಟ್ಟವರು ಇಲ್ಲಿನ ಮನುಷ್ಯರು. 18ನೆಯ ಶತಮಾನದ ಆರಂಭದಲ್ಲಿ ನಾಗಪುರ ನಗರವನ್ನು ಕಟ್ಟಿದ ಬಖ್ತ್ ಬುಲಂದ್ ಶಾಹನೂ ಗೊಂಡ ಅರಸನೇ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಗೊಂಡರ ಭಾಷೆ ಗೊಂಡಿ. ಅದರಲ್ಲಿ ಎಣಿಸುವುದು ಹೀಗೆ: ಉಂದಿ, ರಂಡ್, ಮುಂಡ್, ನಾಲುಂಗ್, ಸೈಯುಂಗ್, ಸಾರುಂಗ್, ಯೇರುಂಗ್. ಒಮ್ಮೆ ಗಟ್ಟಿಯಾಗಿ ಓದಿ. ನಂತರ ಒಂದು, ಎರಡು, ಮೂರು, ನಾಲ್ಕು ಅನ್ನಿ. ಅವರ 'ಕೈ' ನಮ್ಮ ಕೈ, ಅವರ 'ಕಾಲ್' ನಮ್ಮ ಕಾಲು, ಅವರ 'ಕನ್' ನಮ್ಮ ಕಣ್ಣು. ಹಲ್ಲಿಗೆ ಅವರು 'ಪಲ್' ಅನ್ನುತ್ತಾರೆ. ಹಳಗನ್ನಡದಲ್ಲಿ ನಾವೂ ಹಾಗೆಯೇ ಅನ್ನುತ್ತಿದ್ದೆವು! ಗೊಂಡಿ ದ್ರಾವಿಡ ಭಾಷೆ. ತೆಲುಗಿಗೆ ಹೆಚ್ಚು ಹತ್ತಿರ, ಕನ್ನಡಕ್ಕೂ ನೆಂಟಸ್ತಿಕೆ. 1856ರಲ್ಲಿ ಕಾಲ್ಡ್‌ವೆಲ್ ಬರೆದ ದ್ರಾವಿಡ ಭಾಷೆಗಳ ವ್ಯಾಕರಣದಲ್ಲಿಯೇ ಗೊಂಡಿಗೆ ಸ್ಥಾನವಿತ್ತು. ನಾಗಪುರದಲ್ಲಿ ನೆಲೆಸಿದ್ದ ಪಾದ್ರಿ ಸ್ಟೀಫನ್ ಹಿಸ್ಲಾಪ್ ಇಲ್ಲಿಯ ಕಲ್ಲುಗಳಿಂದ ಎಲೆಗಳ ಪಳೆಯುಳಿಕೆಯನ್ನೂ ಗೊಂಡರ ಬಾಯಿಂದ ಪದಗಳನ್ನೂ ಸಂಗ್ರಹಿಸಿದರು. 1863ರಲ್ಲಿ ಅವರು ಹಳ್ಳದಲ್ಲಿ ಮುಳುಗಿ ತೀರಿಕೊಂಡರು. 1866ರಲ್ಲಿ ಅವರ ಬರಹಗಳು ಅಚ್ಚಾದವು. ಹಿಸ್ಲಾಪ್ ಕಾಲೇಜಿನಲ್ಲಿ ಓದುವವರು ಆ ಹೆಸರಿನ ಹಿಂದೆ ಯಾರಿದ್ದಾರೆಂದು ತಿಳಿದಿರಲಿ.

ಕನ್ನಡ ನಾಡಿನ ಅರಸರೂ ಈ ನದಿಯನ್ನು ಬಲ್ಲವರೇ. ವರ್ಧಾ ಜಿಲ್ಲೆಯ ದೇವಳಿಯಲ್ಲಿ ಸಿಕ್ಕ ರಾಷ್ಟ್ರಕೂಟ ಮೂರನೆಯ ಕೃಷ್ಣನ ತಾಮ್ರಪಟ ಕ್ರಿ.ಶ. 940ರದು. 'ನಾಗಪುರ–ನಂದಿವರ್ಧನ' ಪ್ರಾಂತದ ಒಂದು ಹಳ್ಳಿಯನ್ನು ದಾನ ಕೊಟ್ಟ ಆ ಸಂಸ್ಕೃತ ಶಾಸನದಲ್ಲಿ ಹಳ್ಳಿಯ ದಕ್ಷಿಣದ ಗಡಿಯಾಗಿ ಬರುವ ನದಿಯನ್ನು ಕನ್ಹಾನ್ ಎಂದೇ ಗುರುತಿಸಿದ್ದಾರೆ. ಅವನ ರಾಜಧಾನಿ ಮಾನ್ಯಖೇಟ, ಅಂದರೆ ಕಲಬುರಗಿ ಜಿಲ್ಲೆಯ ಇಂದಿನ ಮಳಖೇಡ. ಇಲ್ಲಿಂದ ಇನ್ನೂ ಉತ್ತರಕ್ಕೆ, ಮಧ್ಯಪ್ರದೇಶದ ಮೈಹರ್ ಬಳಿಯ ಜುರಾದಲ್ಲಿ ಅವನನ್ನು ಹೊಗಳುವ ಕನ್ನಡ ಶಾಸನವೇ ಇದೆ.

ನೀರಿನ ದಾರಿಯನ್ನೂ ನೋಡಿ. ಕನ್ಹಾನ್ ವೈನಗಂಗೆಯನ್ನು, ವೈನಗಂಗೆ ವರ್ಧೆಯೊಡನೆ ಕೂಡಿ ಪ್ರಾಣಹಿತಾ ಆಗಿ ಗೋದಾವರಿಯನ್ನು ಸೇರುತ್ತದೆ. ಬೀದರ ಜಿಲ್ಲೆಯಲ್ಲಿ ಹರಿಯುವ ಮಾಂಜ್ರಾ ನದಿಯೂ ಅದೇ ಗೋದಾವರಿಗೆ. ಸಾತ್ಪುಡಾದ ಮಳೆಯೂ ಬೀದರದ ಮಳೆಯೂ ಬಂಗಾಳ ಕೊಲ್ಲಿಗೆ ಜೊತೆಯಾಗಿಯೇ ಹೋಗುತ್ತವೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಬೇಸರದ ಮಾತನ್ನೂ ಹೇಳಬೇಕು. ಗೊಂಡರ ಸಂಖ್ಯೆ ಒಂದು ಕೋಟಿಗೂ ಮೀರಿದೆ. ಆದರೆ 2011ರ ಜನಗಣತಿಯಲ್ಲಿ ಗೊಂಡಿ ತಮ್ಮ ಮಾತೃಭಾಷೆ ಎಂದವರು ಸುಮಾರು 30 ಲಕ್ಷ ಮಾತ್ರ. ನಾಗಪುರದ ಸುತ್ತಮುತ್ತಲಿನ ಬಹಳಷ್ಟು ಗೊಂಡ ಮನೆಗಳಲ್ಲಿ ಈಗ ಮರಾಠಿ ಅಥವಾ ಹಿಂದಿಯೇ ಮನೆಮಾತು. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಗೊಂಡಿ ಇಲ್ಲ. ಗಡಚಿರೋಲಿ ಜಿಲ್ಲೆಯ ಮೋಹಗಾಂವ್ ಎಂಬ ಪುಟ್ಟ ಹಳ್ಳಿಯವರು 2019ರಲ್ಲಿ ತಾವೇ ಗೊಂಡಿ ಮಾಧ್ಯಮದ ಶಾಲೆ ತೆರೆಯಬೇಕಾಯಿತು. ಒಂದು ಭೂಖಂಡಕ್ಕೆ ಕೊಟ್ಟ ಹೆಸರು ಜಗತ್ತಿನ ಎಲ್ಲ ಪಠ್ಯಪುಸ್ತಕಗಳಲ್ಲಿದೆ. ಆ ಹೆಸರಿನವರ ಮಾತು ಮೊಮ್ಮಕ್ಕಳ ಬಾಯಲ್ಲಿ ಉಳಿಯುವುದು ಮಾತ್ರ ಕಷ್ಟವಾಗಿದೆ.

ಕನ್ನಡಕ್ಕೆ ರಾಜ್ಯವಿದೆ, ವಿಶ್ವವಿದ್ಯಾಲಯಗಳಿವೆ. ಕನ್ನಡ ಅಳಿದೀತೆಂಬ ಭಯ ನನಗಿಲ್ಲ. ಆದರೆ ನಾಗಪುರದ ನಿಮ್ಮ ಮನೆಯಲ್ಲಿ? ಆ ಮನೆಗೆ ರಾಜ್ಯವೂ ಇಲ್ಲ, ಶಾಲೆಯೂ ಇಲ್ಲ. ಅಲ್ಲಿ ಕನ್ನಡದ ಸ್ಥಿತಿ ಗೊಂಡಿಯಂತೆಯೇ. ಅಜ್ಜಿ ಕನ್ನಡದಲ್ಲಿ ಕೇಳುತ್ತಾರೆ, ನೀವು ಹಿಂದಿಯಲ್ಲಿ ಉತ್ತರಿಸುತ್ತೀರಿ. ಒಂದು ತಲೆಮಾರು ಹೀಗೆ ಕಳೆದರೆ ಕೇಳುವವರೂ ಇರುವುದಿಲ್ಲ.

ಆದ್ದರಿಂದ ಈ ನೆಲಕ್ಕೆ ಕನ್ನಡ ಹೊರಗಿನದೆಂದು ಸಂಕೋಚಪಡಬೇಡಿ. ನೆಂಟರ ಮನೆಯಲ್ಲೇ ಇದ್ದೀರಿ. ಮರಾಠಿಯನ್ನು ಪ್ರೀತಿಯಿಂದ ಆಡಿ, ಅದು ಊರಿನ ಮಾತು. ಗೊಂಡ ಸಹಪಾಠಿ ಇದ್ದರೆ ಎಣಿಸಲು ಕಲಿಸೆಂದು ಕೇಳಿ. ಕನ್ಹಾನ್‌ನಿಂದ ಮನೆಗೆ ಬಂದ ಸಂಜೆ ಅಜ್ಜಿಯ ಬಳಿ ಕುಳಿತು ಉಂದಿ, ರಂಡ್, ಮುಂಡ್ ಎಂದು ಹೇಳಿ ನೋಡಿ. ಅವರು ತಪ್ಪು ತಿದ್ದುವಂತೆ "ಒಂದು, ಎರಡು, ಮೂರು" ಅನ್ನುತ್ತಾರೆ. ಅಲ್ಲಿಂದ ಮುಂದಿನ ಮಾತು ಕನ್ನಡದಲ್ಲೇ ಸಾಗಲಿ.