ಗರಿಗರಿಯ ಗುಟ್ಟು

ಒಮ್ಮೆ ಗಂಟಲಿಗೆ ಮುಳ್ಳು ಚುಚ್ಚಿಸಿಕೊಂಡ ಹುಡುಗ ಆಮೇಲೆ ಕಾಣೆ ಮೀನಿನ ರವಾ ಫ್ರೈ ಕಂಡರೂ ತಟ್ಟೆ ದೂಡುತ್ತಾನೆ. ‘ಮುಳ್ಳು ಬಿಡಿಸಿ ಕೊಡ್ತೇನೆ, ತಿನ್ನು ಮಗಾ’ ಎಂದು ಅಮ್ಮ ಹೇಳಿದರೂ ನಂಬುವುದಿಲ್ಲ. ಇಂಥವರಿಗಾಗಿಯೇ ಎಂಬಂತೆ 1953ರಲ್ಲಿ ಅಮೆರಿಕದಲ್ಲೂ 1955ರಲ್ಲಿ ಬ್ರಿಟನ್ನಿನಲ್ಲೂ ಮುಳ್ಳಿಲ್ಲದ ಮೀನಿನ ಕಡ್ಡಿಗಳು ಮಾರುಕಟ್ಟೆಗೆ ಬಂದವು. ಕಾದ ಎಣ್ಣೆಯ ಅಪಾಯವಿಲ್ಲದೆ ಅವನ್ನು ಮನೆಯ ಓವನ್ನಿನಲ್ಲೇ ಮಾಡಬಹುದು.

ಎಣ್ಣೆಯಲ್ಲಿ ಕರಿಯದೆ ಗರಿಗರಿ ಹೇಗೆ? ಮೀನಿನಲ್ಲಿ ಸುಮಾರು ಮುಕ್ಕಾಲು ಪಾಲು ನೀರು. ಮೇಲ್ಮೈ ಒದ್ದೆಯಿರುವವರೆಗೆ ಅದರ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ದಾಟದು; ಶಾಖವೆಲ್ಲ ನೀರನ್ನು ಆವಿಯಾಗಿಸಲು ಖರ್ಚಾಗುತ್ತದೆ. ಹೊಂಬಣ್ಣ, ಘಮ ಚೆನ್ನಾಗಿ ಬರಲು ಸುಮಾರು 140 ಡಿಗ್ರಿ ಬೇಕು. ಫ್ರಾನ್ಸಿನ ಮೈಲಾರ್ 1912ರಲ್ಲಿ ವಿವರಿಸಿದ ಕ್ರಿಯೆ ಅದು. ಎಣ್ಣೆಯ ಮುಖ್ಯ ಕೆಲಸ ಶಾಖ ಒಯ್ಯುವುದು. ಬಿಸಿಗಾಳಿಯೂ ಅದನ್ನು ಮಾಡೀತು, ತುಸು ನಿಧಾನವಾಗಿ.

ಆದ್ದರಿಂದ ಅಂಜಲ್ ಮೀನನ್ನು ಬೆರಳಿನ ಗಾತ್ರಕ್ಕೆ ಕತ್ತರಿಸಿ, ನೀರಿನ ಪಸೆ ಉಳಿಯದಂತೆ ಒರೆಸಿ. ಉಪ್ಪು, ಖಾರದ ಪುಡಿ ಸವರಿ, ಮೈದಾದಲ್ಲಿ ಹೊರಳಿಸಿ, ಕಲಕಿದ ಮೊಟ್ಟೆಯಲ್ಲಿ ಅದ್ದಿ. ಒಂದು ಚಮಚ ಎಣ್ಣೆಯಲ್ಲಿ ಮೊದಲೇ ಕೆಂಪಗೆ ಹುರಿದಿಟ್ಟ ಬ್ರೆಡ್ ಪುಡಿ ಮೆತ್ತಿ. ಜಾಲರಿಯ ಮೇಲಿಟ್ಟರೆ ಅಡಿಯ ಆವಿಗೂ ದಾರಿ ಸಿಗುತ್ತದೆ. 220 ಡಿಗ್ರಿಗೆ ಕಾದ ಓವನ್ನಿನಲ್ಲಿ 12ರಿಂದ 15 ನಿಮಿಷ ಸಾಕು.

ಹಸಿ ತುಂಡುಗಳನ್ನು ಬೆರಳಿನಿಂದ ಸವರಿ ಮುಳ್ಳು ಹುಡುಕುವ ಕೆಲಸವನ್ನು ಮಾತ್ರ ಮಗುವಿಗೂ ಕೊಡಿ. ನೀವೂ ಒಮ್ಮೆ ನೋಡಿ. ಆಮೇಲೆ ಸೋಪು ಹಚ್ಚಿ ಕೈ ತೊಳೆಸಿ. ಅಮ್ಮನ ಮಾತು ಹೋಗಲಾಡಿಸದ ಭಯವನ್ನು ತನ್ನದೇ ಬೆರಳು ಹೋಗಲಾಡಿಸೀತು. ಪುಸ್ತಕದಲ್ಲಿ ಓದಿದ ಬಾಷ್ಪೀಕರಣ ಹಲ್ಲಿನಡಿ ಕರುಂ ಎಂದೀತು.