ತವರಿಗೆ ಬಂದ ಮೀನು

ಸೋಮನಾಥನ ದರ್ಶನ ಮಾಡಿಕೊಂಡು ಬರೋಣವೆಂದು ಹೊರಟ ನಮಗೆ ವೇರಾವಳದಲ್ಲಿ ಕೆಲಸವೇನೂ ಇರಲಿಲ್ಲ. ದೇವಸ್ಥಾನದಿಂದ ಅದು ಆರೇಳು ಕಿಲೋಮೀಟರು. ಮುಂಬಯಿಗೆ ಹಿಂದಿರುಗುವ ರೈಲನ್ನು ಅಲ್ಲಿ ಹಿಡಿಯಬೇಕು, ಅಷ್ಟೆ. ರೈಲಿಗೆ ಇನ್ನೂ ಮೂರು ಗಂಟೆ ಇದ್ದುದರಿಂದ ಬಂದರನ್ನು ನೋಡಲೇಬೇಕೆಂದು ಮಗ ಹಟ ಹಿಡಿದ. ಒಣಮೀನಿನ ವಾಸನೆಗೆ ಸೆರಗಿನಿಂದ ಮೂಗು ಮುಚ್ಚಿಕೊಂಡೇ ನಮ್ಮಾಕೆ ಹಿಂದೆ ಹಿಂದೆ ಬಂದಳು.

ಬಂದರೆಂದರೆ ಅದೊಂದು ದೋಣಿಗಳ ಊರೇ ಸರಿ. ನೀರಿನಲ್ಲಿ ಒಂದಕ್ಕೊಂದು ಮೈ ತಾಗಿಸಿಕೊಂಡು ನಿಂತವು ಎಷ್ಟೋ. ದಡದ ಮೇಲೆ ಪಕ್ಕೆಲುಬು ತೋರಿಸುತ್ತ ಬಡಗಿಗಳ ಕೈಯಲ್ಲಿ ಹುಟ್ಟುತ್ತಿರುವವು ಎಷ್ಟೋ. ಒಂದು ದೋಣಿಯ ಪಕ್ಕದಲ್ಲಿ, ಬಣ್ಣ ಮಾಸಿದ್ದರೂ, ಮೈತುಂಬ ಬಿಳಿಯ ಚುಕ್ಕೆಗಳಿದ್ದ ದೊಡ್ಡ ಮೀನೊಂದರ ಚಿತ್ರವಿತ್ತು. ಅದರ ನೆರಳಿನಲ್ಲಿ ಮುದುಕನೊಬ್ಬ ಬಲೆ ಹೆಣೆಯುತ್ತ ಕುಳಿತಿದ್ದ. “ಕಾಕಾ, ಇದು ಯಾವ ಮೀನು?” ಎಂದು ನಾನು ಹಿಂದಿಯಲ್ಲಿ ಕೇಳಿದೆ.

“ವ್ಹಾಲಿ” ಎಂದ ಮುದುಕ. ಗುಜರಾತಿಯಲ್ಲಿ ಹಾಗೆಂದರೆ ಮುದ್ದಿನವಳು.

ವಾಚಕರೇ, ಈ ಮುದ್ದಿನವಳು ತಿಮಿಂಗಿಲ ಷಾರ್ಕು! ನಲವತ್ತು ಅಡಿಯನ್ನೂ ಮೀರಿ ಬೆಳೆಯುವ, ಲೋಕದ ಮೀನುಗಳಲ್ಲೆಲ್ಲ ದೊಡ್ಡದಾದ ಮೀನು. ಷಾರ್ಕೆಂದೊಡನೆ ನಾವು ಹೆದರುತ್ತೇವೆ. ಇದಾದರೋ ಬಾಯಿ ತೆರೆದುಕೊಂಡು ಈಜುತ್ತ, ನೀರನ್ನು ಸೋಸಿ, ಅದರಲ್ಲಿನ ಸಣ್ಣಪುಟ್ಟ ಜೀವಿಗಳನ್ನು ತಿಂದುಕೊಂಡಿರುವ ಸಾಧು ಪ್ರಾಣಿ. ಹಿಂದೆ ಇದೇ ತೀರದಲ್ಲಿ ಇದರ ಹೆಸರು ‘ಬ್ಯಾರೆಲ್’ ಎಂದಿತ್ತು. ಗಾಳಕ್ಕೆ ಪೀಪಾಯಿಗಳನ್ನು ಕಟ್ಟಿ ಮೀನಿನ ಮೈಗೆ ಚುಚ್ಚುತ್ತಿದ್ದರು. ಅವನ್ನೆಳೆದು ಎಳೆದು ಅದು ಸೋತುಹೋದ ಮೇಲೆ ದಡಕ್ಕೆ ತರುತ್ತಿದ್ದರು. ಪಿತ್ತಜನಕಾಂಗದ ಎಣ್ಣೆ ದೋಣಿಗೆ ನೀರಿಳಿಯದಂತೆ ಬಳಿಯಲಿಕ್ಕೆ, ಮಾಂಸ ತೈವಾನಿನಂಥ ದೇಶಗಳಿಗೆ. 2000ದಲ್ಲಿ ಮೈಕ್ ಪಾಂಡೆಯವರು ಈ ಬೇಟೆಯನ್ನು ‘ಶೋರ್ಸ್ ಆಫ್ ಸೈಲೆನ್ಸ್’ ಎಂಬ ಚಿತ್ರದಲ್ಲಿ ತೋರಿಸಿದರು. ಮರುವರ್ಷ, 2001ರ ಮೇ ತಿಂಗಳಲ್ಲಿ, ಹುಲಿಗಿರುವ ಕಾನೂನಿನ ರಕ್ಷಣೆ ಈ ಮೀನಿಗೂ ದೊರೆಯಿತು. ನಮ್ಮ ದೇಶದಲ್ಲಿ ಆ ಗೌರವ ಪಡೆದ ಮೊದಲ ಮೀನು ಇದೇ.

ಆದರೆ ದೆಹಲಿಯ ಗೆಜೆಟ್ಟನ್ನು ನಡುಸಮುದ್ರದಲ್ಲಿ ಓದುವವರಾರು? ಕಚೇರಿಯ ಕಾಗದಗಳ ನಡುವೆಯೇ ಬಾಳುವ ನನಗೆ ಇದು ಚೆನ್ನಾಗಿ ಗೊತ್ತು.

2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸಂಸ್ಥೆಯವರು, ಟಾಟಾ ಕೆಮಿಕಲ್ಸ್‌ನವರು, ಗುಜರಾತಿನ ಅರಣ್ಯ ಇಲಾಖೆಯವರು ಕೂಡಿಕೊಂಡು ಬೇರೆ ದಾರಿ ಹಿಡಿದರು. ರಾಮಕಥೆ ಹೇಳುವ ಮೊರಾರಿ ಬಾಪು ಅವರನ್ನು ಕರೆತಂದರು. ನಮ್ಮಲ್ಲಿ ಹರಿಕಥೆಗೆ ಜನ ಸೇರುವುದಿಲ್ಲವೆ, ಹಾಗೆಯೇ ಅಲ್ಲಿ ಅವರ ಮಾತಿಗೆ ಜನ. ಈ ಮೀನು ಹೆರಿಗೆಗೆಂದು ತವರಿಗೆ ಬರುವ ಮಗಳು ಎಂದರು ಬಾಪು. ಅದೇ ಮಾತು ಬೀದಿನಾಟಕವಾಗಿ ಊರೂರು ತಿರುಗಿತು: ಬೆಸ್ತನ ಬಸುರಿ ಮಗಳು ಮನೆಗೆ ಬರುವ ಕಥೆ. ಜೊತೆಗೆ ಗಾಳಿ ತುಂಬಿದ, ಮೀನಿನಷ್ಟೇ ದೊಡ್ಡದಾದ ಒಂದು ಗೊಂಬೆಮೀನು.

“ನಾಟಕ ನೋಡಿ ನಾನು ಅತ್ತೆನೆಂದು ತಿಳಿಯಬೇಡಿ, ಭಾಯಿ” ಎಂದ ಮುದುಕ. “ನಾನು ನಗುತ್ತಿದ್ದೆ. ಅತ್ತವಳು ನನ್ನ ಹೆಂಡತಿ. ಆ ಸಲ ನಮ್ಮ ಮಗಳೂ ಹೆರಿಗೆಗೆ ಬಂದಿದ್ದಳು. ಮುಂದೆ ಒಂದು ರಾತ್ರಿ ವ್ಹಾಲಿ ನನ್ನ ಬಲೆಗೆ ಬಿದ್ದಳು. ಬಲೆಗೆ ಕೊಟ್ಟ ಸಾಲ ಇನ್ನೂ ತೀರಿರಲಿಲ್ಲ. ಕತ್ತರಿಸಬೇಡವೆಂದು ಮಗ ಕೈ ಹಿಡಿದ. ಮನೆಗೆ ಹೋದರೆ ಅವಳು ಕೇಳುತ್ತಾಳಲ್ಲ, ಏನು ಹೇಳಲಿ? ಕತ್ತರಿಸಿಬಿಟ್ಟೆ. ಮಗ ಎರಡು ದಿನ ಮಾತಾಡಲಿಲ್ಲ.”

ನಮ್ಮಾಕೆಯ ಸೆರಗು ಮೂಗಿನಿಂದ ಯಾವಾಗ ಜಾರಿತ್ತೋ, ನಾನು ನೋಡಲಿಲ್ಲ. ನಮ್ಮ ಹುಡುಗನಿಗಾಗಿ ಏಳನೆಯ ತಿಂಗಳಲ್ಲಿ ಅವಳನ್ನು ಧಾರವಾಡದ ರೈಲು ಹತ್ತಿಸಿದವನು ನಾನೇ. “ತವರಿಗೆ ಬಂದ ಬಸುರಿ ಮ್ಯಾಲೆ ಯಾರರೆ ಕೈ ಮಾಡ್ತಾರೇನ್ರಿ?” ಎಂದು ನನ್ನನ್ನೇ ಗದರಿಸಿದಂತೆ ಕೇಳಿದಳು. ಮರುಗಳಿಗೆಗೆ ಸಂಸಾರದ ಲೆಕ್ಕ: “ಆ ಬಲಿ ರೊಕ್ಕ ಯಾರು ಕೊಟ್ರು, ಕೇಳ್ರಿ.”

ಕೇಳಿದೆ. ಕತ್ತರಿಸಿದ ಬಲೆಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದಂತೆ. ಅಧಿಕಾರಿ ಬಂದು ನೋಡುವ ತನಕ ಮೀನು ಬಲೆಯಲ್ಲಿ ಬದುಕಬೇಕಲ್ಲ? ಅದಕ್ಕಾಗಿ ಬೆಸ್ತರ ಕೈಗೇ ಕ್ಯಾಮೆರಾ ಕೊಟ್ಟು, ಬಿಡಿಸುವಾಗ ತೆಗೆದ ಚಿತ್ರವನ್ನೇ ಸಾಕ್ಷಿಯೆಂದು ಒಪ್ಪಿಕೊಂಡರು. ಇಷ್ಟು ಸರಳವಾದ ಕಡತವನ್ನು ನನ್ನ ನೌಕರಿಯಲ್ಲಿ ನಾನು ಕಂಡಿಲ್ಲ! ಹೀಗೆ ಗುಜರಾತಿನ ಬೆಸ್ತರು ಈವರೆಗೆ ನೂರಾರು ಮೀನುಗಳನ್ನು ಬಿಟ್ಟಿದ್ದಾರೆ.

ನನಗೊಂದು ಅನುಮಾನ ಉಳಿದಿತ್ತು. ತಿಮಿಂಗಿಲ ಷಾರ್ಕು ಮರಿ ಹಾಕುವುದನ್ನು ಕಣ್ಣಾರೆ ಕಂಡವರೆಂದು ಯಾರೂ ದಾಖಲೆಯಲ್ಲಿಲ್ಲ. 1995ರಲ್ಲಿ ತೈವಾನಿನ ಬಳಿ ಹಿಡಿದ ಒಂದು ಹೆಣ್ಣುಮೀನಿನ ಹೊಟ್ಟೆಯಲ್ಲಿ ಸುಮಾರು 300 ಮರಿಗಳಿದ್ದುವು, ಅಷ್ಟೆ. ಹಾಗಿರುವಾಗ ಅದು ಇಲ್ಲಿಗೆ ಬರುವುದು ಹೆರಿಗೆಗೇ ಎಂದು ಹೇಗೆ ಹೇಳುವುದು? ಮುದುಕನನ್ನೇ ಕೇಳಿದೆ.

“ಬರುವುದಂತೂ ನಿಜವಲ್ಲ, ಭಾಯಿ. ಯಾಕೆ ಬಂದೆ ಎಂದು ಮಗಳನ್ನು ಕೇಳುತ್ತಾರೆಯೆ?” ಎಂದು ಅವನು ಮತ್ತೆ ಹೆಣಿಗೆಗೆ ತಲೆ ಬಾಗಿಸಿದ.

ರೈಲಿನ ಹೊತ್ತಾಗಿತ್ತು. ನಮ್ಮಾಕೆ ಪಿಶವಿಯಿಂದ ಸೋಮನಾಥನ ಪ್ರಸಾದದ ಪೊಟ್ಟಣ ತೆಗೆದು ಮುದುಕನ ಕೈಗಿತ್ತು, “ಮನಿಯವ್ರಿಗೆ ಕೊಡ್ರಿ” ಎಂದಳು. ಕನ್ನಡದಲ್ಲಿ ಹೇಳಿದೆನೆಂಬುದು ಅವಳಿಗೆ ಹೊಳೆಯಲೇ ಇಲ್ಲ. ಮುದುಕ ಮಾತ್ರ ತಲೆಯಾಡಿಸಿ, ಪೊಟ್ಟಣವನ್ನು ಅಂಗಿಯ ಜೇಬಿನಲ್ಲಿ ಜೋಪಾನವಾಗಿ ಇಟ್ಟುಕೊಂಡ.